ಒಪ್ಪಿಸದೆ ತಂದ ನಂಬರು

ಸೆಪ್ಟೆಂಬರ್ ೨೧, ಶನಿವಾರ

ಈ ವರ್ಷದ ಆರನೇ ಬೆಟ್ಟದ ಓಟವನ್ನು ಮಂಡಿನೋವೆಂದು ಅರ್ಧಕ್ಕೇ ಬಿಟ್ಟೆ. ಬಿಟ್ಟವರು ಓಟ ಮುಗಿಯುವಲ್ಲಿನ ಗುಡಾರಕ್ಕೆ ಹೋಗಿ ಎದೆಯ ನಂಬರು ಒಪ್ಪಿಸಲೇಬೇಕು; ಇಲ್ಲದಿದ್ದರೆ ಬೆಟ್ಟದಲ್ಲೇ ಕಳೆದುಹೋದರೆಂದು ಲೆಕ್ಕ. ಗೊತ್ತಿತ್ತು. ಅಲ್ಲಿ ಅಪ್ಪ ಇದ್ದ. ಸೋತ ಮುಖ ತೋರಿಸಲು ನಾಚಿಕೆಯಾಯಿತು. ಮಂಜಿನಲ್ಲೇ ಕೆಳಗಿಳಿದು ಕೆಸ್ವಿಕ್ ಊರಿನ ಬಸ್ಸು ಹತ್ತಿ ಮನೆಗೆ ಬಂದುಬಿಟ್ಟೆ.

ಸ್ನಾನ ಮುಗಿಸಿ ಚಹಾ ಕುಡಿಯುತ್ತಿದ್ದಾಗ, ಓಟಗಾರರನ್ನು ಎಣಿಸುವ ಹಿಲ್ಡಾ ಫೋನ್ ಮಾಡಿದಳು.

"ಎಲ್ಲಿದೀಯೋ?"

"ಮನೇಲಿ."

"ಹಾಳಾದವನೇ, ನಿನ್ನ ಹುಡುಕೋಕೆ ಹನ್ನೊಂದು ಜನ ಮೇಲೆ ಹೋಗಿದಾರೆ. ಎಲ್ಲರಿಗಿಂತ ಮುಂದೆ ನಿಮ್ಮಪ್ಪ."

ಎಪ್ಪತ್ತೊಂದು ವರ್ಷದ ಅಪ್ಪ ಈಗಷ್ಟೇ ತೊಯ್ದು ತೊಪ್ಪೆಯಾಗಿ ಬಂದ. ನನ್ನ ಹೆಸರು ಕೂಗಿ ಕೂಗಿ ಗಂಟಲು ಕಟ್ಟಿದೆ, ಬೈಯಲೂ ದನಿಯಿಲ್ಲ. ಮರಗಟ್ಟಿದ ಬೆರಳಲ್ಲಿ ಬೂಟಿನ ಲೇಸು ಬಿಚ್ಚಲಾರದೆ ಒದ್ದಾಡುತ್ತಿದ್ದ. ಬಿಚ್ಚೋಣವೆಂದು ನಾನು ಬಗ್ಗಿದೆ.

ಕಾಲು ಹಿಂದಕ್ಕೆಳೆದುಕೊಂಡ.