ಉದ್ದವ್ವನ ಎಡಗೈ

ಗೋಕಾಕ
೧೪ ಏಪ್ರಿಲ್ ೧೯೩೬, ಮಂಗಳವಾರ

ನನ್ನ ಕೃಪಾ,

ಮಿರಜದ ಬಿಸಿಲಿಗೆ ನಿನ್ನ ತಲೆನೋವು ಮತ್ತೆ ಬಂದಿಲ್ಲವೆಂದು ನಂಬಿ ಈ ಪತ್ರ ಶುರು ಮಾಡುತ್ತೇನೆ. ಕನ್ನಡದಲ್ಲಿ ಬರೆದದ್ದು ನೋಡಿ ನಿನಗೆ ಆಶ್ಚರ್ಯವಾದೀತು. ಇಬ್ಬರೂ ಇಂಗ್ಲಿಷ್ ಶಾಲೆಯಲ್ಲಿ ಕಲಿತವರು, ಕಾಗದವೆಂದರೆ ಇಂಗ್ಲಿಷೇ ಎಂಬ ರೂಢಿ ನಮ್ಮದು. ನಿನ್ನ ಹೋದ ತಿಂಗಳ ಪತ್ರಕ್ಕೂ ಮೊದಲು ಇಂಗ್ಲಿಷಿನಲ್ಲಿಯೇ ಉತ್ತರ ಬರೆದೆ. ನಾಲ್ಕು ಪುಟ ತುಂಬ ಬೈಬಲಿನ ವಾಕ್ಯಗಳು. ಓದಿ ನೋಡಿದರೆ ಅದರಲ್ಲಿ ನಿನ್ನ ಹೆಸರು ಬಿಟ್ಟು ನಿನಗೆ ಸೇರಿದ್ದು ಏನೂ ಇರಲಿಲ್ಲ. ಒಲೆಗೆ ಹಾಕಿದೆ.

ನೀನು ಕೇಳಿದ್ದು ಇಷ್ಟೇ: "ಪ್ರಾರ್ಥನೆ ಮುಗಿದ ಮೇಲೆ ಯಾರೂ ಕೇಳಿಸಿಕೊಂಡಿಲ್ಲ ಎನಿಸುತ್ತದೆ. ಆಸ್ಪತ್ರೆಯ ಚಾಪೆಲಿನಲ್ಲಿ ಯೇಸು ಹತ್ತಿರವಿದ್ದಾನೆಂದು ಉಳಿದ ನರ್ಸುಗಳೆಲ್ಲ ಹಾಡುವಾಗ ನಾನೊಬ್ಬಳೇ ಸುಳ್ಳು ಹೇಳುತ್ತಿದ್ದೇನೆ ಎನಿಸುತ್ತದೆ. ಅವ್ವಾ, ನಿನಗೆ ಎಂದಾದರೂ ಹೀಗೆ ಆಗಿದೆಯೇ?"

ಅದಕ್ಕೆ ಉತ್ತರಿಸುವ ಮೊದಲು, ಈ ಈಸ್ಟರಿಗೆ ಮುಂಚೆ ನಾನು ಮಾಡಿದ ಒಂದು ತಪ್ಪು ಹೇಳುತ್ತೇನೆ.

ಹೆಣ್ಣುಮಕ್ಕಳ ದೀಕ್ಷಾಸ್ನಾನದ ತರಗತಿ ನನ್ನ ಪಾಲಿಗೆ ಬಂದದ್ದು ನಿನಗೆ ಗೊತ್ತಲ್ಲ. ಈ ವರ್ಷ ಕೊಣ್ಣೂರಿನಿಂದ ಉದ್ದವ್ವ ಎಂಬ ವಿಧವೆ ಬರುತ್ತಿದ್ದಳು. ಲಿಂಗಾಯತರ ಮನೆಯವಳು, ನನಗಿಂತ ಹತ್ತು ವರ್ಷ ಹಿರಿಯಳು. ತನ್ನ ಇಷ್ಟಲಿಂಗವನ್ನು ಅಣ್ಣನ ಮನೆಯ ದೇವರ ಜಗಲಿಗೆ ಒಪ್ಪಿಸಿ, ಅತ್ತು, ನಮ್ಮಲ್ಲಿಗೆ ಬಂದವಳು. ಪ್ರಾರ್ಥನೆಗೆ ಎಲ್ಲರೂ ಕೈಮುಗಿದು ಕಣ್ಣು ಮುಚ್ಚಿದರೆ ಇವಳು ಮಾತ್ರ ಎಡ ಅಂಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ, ಬಿಚ್ಚಿ, ಅದನ್ನೇ ನೋಡುತ್ತ ಕೂಡುತ್ತಿದ್ದಳು. ಲಿಂಗ ಹಿಡಿದು ಪೂಜಿಸಿದ ಕೈ. ಎರಡು ವಾರ ಸುಮ್ಮನಿದ್ದೆ. ಮೂರನೆಯ ವಾರ ಎಲ್ಲರೆದುರು ಶಾಲೆಯ ಹುಡುಗಿಗೆ ಹೇಳುವ ಧಾಟಿಯಲ್ಲಿ ಹೇಳಿಬಿಟ್ಟೆ: "ಉದ್ದವ್ವಾ, ಇದು ಲಿಂಗಪೂಜಿ ಅಲ್ಲ. ಕೈ ಜೋಡಸು, ಕಣ್ಣ ಮುಚ್ಚು."

"ಕಣ್ಣ ಮುಚ್ಚಿದರ ನೋಡೂದು ಹ್ಯಾಂಗ್ರಿ ಅಕ್ಕೋರ?" ಎಂದಳು.

ಹಿಂದಿನಿಂದ ಯಾರೋ "ಅಂಗೈಯಾಗ ಬೆಲ್ಲಾ ಇಟಗೊಂಡಿ ಏನ ಯವ್ವಾ?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಕೃಪಾ.

ಮುಂದಿನ ಭಾನುವಾರ ಅವಳು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಅವಳಿನ್ನೂ ಸಿದ್ಧಳಾಗಿಲ್ಲವೆಂದು ರಾಜಪ್ಪ ಪಾದ್ರಿಗಳಿಗೆ ಹೇಳಿ ಈಸ್ಟರಿಗೆ ದೀಕ್ಷಾಸ್ನಾನ ಪಡೆಯುವವರ ಪಟ್ಟಿಯಿಂದ ಅವಳ ಹೆಸರನ್ನು ನಾನೇ ಹೊಡೆದುಹಾಕಿದೆ. ಅದಾದ ಎರಡು ದಿನಕ್ಕೆ ನಿನ್ನ ಪತ್ರ ಬಂತು. ಉತ್ತರ ಬರೆದು ಸುಟ್ಟ ಮೇಲೆ, ಸಿದ್ಧಳಾಗದವಳು ನಾನೇ ಎನಿಸಿತು; ಉದ್ದವ್ವನ ಬಳಿಗೆ ಹೋಗದೆ ಬೇರೆ ದಾರಿ ಉಳಿಯಲಿಲ್ಲ. ಶುಭ ಶುಕ್ರವಾರದ ಮುನ್ನಾದಿನ ಶಾಲೆ ಬೇಗ ಬಿಟ್ಟು, ಮಿಲ್ಲಿನ ದಾರಿಯ ಚಕ್ಕಡಿ ಹತ್ತಿ ಕೊಣ್ಣೂರಿಗೆ ಹೋದೆ.

ಉದ್ದವ್ವ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ಬಾಜೂ ಮನೆಯ ಮೆಹರುನಬಿ ನನ್ನನ್ನು ಕಂಡವಳೇ ಕೂಗಿದಳು: "ಬಂದ್ರ ನೋಡ ನಿಮ್ಮ ಸಾಲಿ ಅಕ್ಕೋರು! ಕೈ ತೊಳಕೊಂಡ ತೋರಸ ಉದ್ದವ್ವಾ, ಇಲ್ಲಂದ್ರ ಛಡಿ ಏಟ ಬೀಳ್ತಾವ!" ಊರಿಗೆಲ್ಲ ಸುದ್ದಿಯಾಗಿತ್ತು.

ತಪ್ಪಾಯಿತೆಂದು ಹೇಳಿದೆ. ಉದ್ದವ್ವ ಮೊರ ಕೆಳಗಿಟ್ಟಳು. "ನೀವು ಹೇಳಿದಂಗ ಮಾಡೀನ್ರಿ. ಮನ್ಯಾಗ ಕುಂತು ಕೈ ಜೋಡಿಸಿದೆ. ಎರಡೂ ಕೈ ಕೂಡಿದರ ನಡಕ ಜಾಗಾನ ಉಳಿಯೂದಿಲ್ಲ. ಯೇಸಪ್ಪ ಎಲ್ಲಿ ಕೂಡಬೇಕ್ರಿ? ಅಂವ ಬರಲಿ ಅಂತ ಖಾಲಿ ಮಾಡಿದ ಕೈರಿ ಇದು."

ನಾನು ಕೈಮುಗಿಯಲು ಕಲಿತದ್ದು ಬೋರ್ಡಿಂಗಿನಲ್ಲಿ, ಮಿಸ್ ಸಾಹೇಬರ ರೂಲುಪಟ್ಟಿಯ ಕೆಳಗೆ. ಬೆರಳು ನೆಟ್ಟಗಿವೆಯೇ ಎಂದು ಅವರು ನೋಡುತ್ತಿದ್ದರು. ಆ ಕೈಗೆ ಯಾರಾದರೂ ಬಂದು ಕೂಡಬೇಕೆಂದು ನಾನು ಒಂದು ದಿನವೂ ಎಣಿಸಿದವಳಲ್ಲ.

ಪ್ರಾರ್ಥನೆ ಮಾಡೋಣವೆಂದೆ. "ನೀವು ಕಲ್ತಾವ್ರು, ಮದಲ ನೀವ ಮಾಡ್ರಿ" ಎಂದಳು. ಬಾಯಿಗೆ ಬಂದದ್ದು ಇಂಗ್ಲಿಷಿನ ಬಾಯಿಪಾಠ. ಅಲ್ಲಿ, ಆ ಜೋಳದ ರಾಶಿಯ ಮುಂದೆ, ಅದು ನನ್ನ ಕಿವಿಗೇ ಯಾರದೋ ಮಾತಿನಂತೆ ಕೇಳಿಸಿತು. ಕನ್ನಡದಲ್ಲಿ ಹೇಳಹೋದರೆ ನನ್ನದೆನ್ನುವ ಮಾತೇ ಇಲ್ಲ. ನಡುವೆಯೇ ನಿಂತುಬಿಟ್ಟೆ.

"ಬರ್ಲಿಲ್ಲಂದ್ರ ಬಿಡ್ರಿ" ಎಂದಳು ಉದ್ದವ್ವ. "ಮಾತಾಡಲಿಲ್ಲಂತ ಅಂವ ಏನ ಸಿಟ್ಟಾಗಿ ಎದ್ದ ಹೋಗತಾನೇನು?"

ಸುಮ್ಮನೆ ಕೂತೆವು. ನನಗೆ ಬೆಳಕು ಕಾಣಲಿಲ್ಲ, ದನಿ ಕೇಳಲಿಲ್ಲ. ಕಂಡಿತು, ಕೇಳಿತು ಎಂದರೆ ನೀನು ನಂಬುವವಳೂ ಅಲ್ಲ. ಬೇಗ ಮುಗಿಯಲಿ ಎಂಬ ಅವಸರ ಇರಲಿಲ್ಲ. ಅಷ್ಟೇ. ಆದರೆ ಆ ಅವಸರ ಇಲ್ಲದಿದ್ದಾಗಲೇ, ಇಷ್ಟು ವರ್ಷ ಅದು ಇತ್ತೆಂದು ತಿಳಿಯಿತು.

ಮರುದಿನ ತರಗತಿಯ ಹೆಂಗಸರೆದುರಿಗೇ ನನ್ನ ತಪ್ಪು ಒಪ್ಪಿಕೊಂಡೆ. ರಾಜಪ್ಪ ಪಾದ್ರಿಗಳು ಪಟ್ಟಿಯನ್ನು ನನ್ನ ಕಡೆ ಸರಿಸಿ, "ಹೊಡದಾವ್ರು ನೀವು, ಬರಿಯಾವ್ರೂ ನೀವ" ಎಂದರು. ಬರೆದೆ.

ಈಸ್ಟರ್ ಬೆಳಿಗ್ಗೆ ನಮ್ಮ ಚರ್ಚೆಲ್ಲ ತುಂಬಿತ್ತು. ಮೆಹರುನಬಿಯೂ ಬಾಗಿಲ ಹೊರಗೆ ನಿಂತು ನೋಡಿದಳು. ದೀಕ್ಷಾಸ್ನಾನದ ನೀರು ಹಾಕುವ ಮುಂಚೆ ಪಾದ್ರಿಗಳು ರೂಢಿಯಂತೆ ಹೊಸ ಹೆಸರು ಯಾವುದೆಂದು ಕೇಳಿದರು. ಮಾರ್ಥಾ ಎಂದು ನಾನು ಮೊದಲೇ ಹೇಳಿಕೊಟ್ಟಿದ್ದೆ. ಅವಳು ನನ್ನ ಕಡೆ ತಿರುಗಿ, ಇಡೀ ಸಭೆಗೆ ಕೇಳುವಂತೆ, "ಉದ್ದವ್ವ ಅಂದ್ರ ಅವಗ ಗುರ್ತ ಹತ್ತೂದಿಲ್ಲೇನ್ರಿ ಅಕ್ಕೋರ?" ಎಂದಳು. ಪಾದ್ರಿಗಳಿಗೆ ನಗು ತಡೆಯಲಾಗಲಿಲ್ಲ. ಉದ್ದವ್ವ ಉದ್ದವ್ವನಾಗಿಯೇ ತಲೆ ಒರೆಸಿಕೊಂಡು ಬಂದು ನನ್ನ ಪಕ್ಕ ಕೂತಳು.

ರಜೆ ಸಿಕ್ಕರೆ ಮೇ ತಿಂಗಳಲ್ಲಿ ಬಾ. ಚಾಪೆಲಿನಲ್ಲಿ ಹಾಡಲಾಗದಿದ್ದರೆ ಹಾಡಬೇಡ. ಎದ್ದು ಮಾತ್ರ ಹೋಗಬೇಡ.

ನಿನ್ನ ದಾರಿ ನೋಡುತ್ತಿರುವ
ಅವ್ವ,
ಎಸ್ತೇರ

ತಾ. ಕ.: ಇಷ್ಟು ಬರೆದರೂ ನಿನ್ನ ಪ್ರಶ್ನೆಯಿಂದ ತಪ್ಪಿಸಿಕೊಂಡಿದ್ದೇನೆ. ಹೌದು, ಆಗಿದೆ. ನಿನ್ನ ಅಪ್ಪ ತೀರಿಕೊಂಡಾಗಿನಿಂದ, ಹನ್ನೊಂದು ವರ್ಷ. ನಿನ್ನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಿದ್ದೆನಲ್ಲ, ಆಗಲೂ. ನಿನಗೆ ಗೊತ್ತಾಗಬಾರದೆಂದು ದನಿ ಏರಿಸುತ್ತಿದ್ದೆ. ಈಗ ಬೆಳಿಗ್ಗೆ ಏನೂ ಹೇಳದೆ ಸ್ವಲ್ಪ ಹೊತ್ತು ಕೂಡುತ್ತೇನೆ. ಇಂದು ಹಾಗೆ ಕೂತು ಶಾಲೆಯ ಗಂಟೆ ಬಾರಿಸುವುದೇ ಮರೆತುಹೋಯಿತು. ಓಡಿ ಹೋಗಿ ನೋಡಿದರೆ ಹುಡುಗಿಯರು ಅಂಗಳದಲ್ಲಿ ಕುಂಟಾಟ ಆಡುತ್ತಿದ್ದರು. ಹೇಗೂ ತಡವಾಗಿದೆಯೆಂದು, ಆ ಆಟ ಮುಗಿಯುವವರೆಗೆ ನಿಂತು ನೋಡಿದೆ.