ಮಧ್ವೇಶನ ಕಂಪ್ಯೂಟರಿಗೆ ಹೊಸ ಡಿಸ್ಕ್

ಆರ್.ಎಸ್. ಪುರಂ, ಕೊಯಮತ್ತೂರು
14 ಜುಲೈ 2025

ಪ್ರೀತಿಯ ಶ್ರೀಪ್ರಿಯಾ,

ನಿನ್ನ ಬೆನ್ನುನೋವು ಹೇಗಿದೆ ಮಗಳೇ? ಮೈಸೂರಿನ ಡಾಕ್ಟರು ಹೇಳಿಕೊಟ್ಟ ವ್ಯಾಯಾಮ ಬಿಡಬೇಡ. ಅಳಿಯಂದಿರೂ ಮಗುವೂ ಚೆನ್ನಾಗಿದ್ದಾರೆಂದುಕೊಂಡಿದ್ದೇನೆ. ನನ್ನ ಸಕ್ಕರೆ ಹತೋಟಿಯಲ್ಲಿದೆ, ಅಮ್ಮನ ಮಂಡಿ ಇದ್ದ ಹಾಗೇ ಇದೆ. ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನಬೇಡ. ನಾನು ನಿನಗೆ ಫೋನ್ ಮಾಡಿದೆನೆಂದರೆ ಅಮ್ಮ ಬಂದು ಪಕ್ಕದಲ್ಲೇ ಕೂರುತ್ತಾಳೆ. ಅವಳಿಗೆ ಕನ್ನಡ ಓದಲು ಬಾರದಿರುವುದು ಈ ಸಲ ಉಪಕಾರಕ್ಕೆ ಬಂತು.

ಹೋದ ವಾರ ನಿನ್ನ ತಮ್ಮನ ಕಂಪ್ಯೂಟರು ಸತ್ತುಹೋಯಿತು. ಮಧ್ವೇಶ ಹೇಳದೆ ಕೇಳದೆ ಮನೆ ಬಿಟ್ಟು ನಾಲ್ಕು ವರ್ಷವಾದರೂ ಅದು ಅವನ ಕೋಣೆಯಲ್ಲೇ ಇತ್ತು, ಅವನ ಮೇಲ್ ಕೂಡ ಅದರಲ್ಲಿ ತೆರೆದೇ ಇತ್ತು. ಅಮ್ಮ ಪ್ರತಿ ಗುರುವಾರ ತನ್ನ ಫೋನಿನಿಂದ ತಮಿಳು ಲಿಪಿಯಲ್ಲಿ ನಮ್ಮ ಮನೆಮಾತು ಬರೆದು ಅವನಿಗೆ ಕಳಿಸುತ್ತಾಳೆ, ನಿನಗೆ ಗೊತ್ತು. ಗೊತ್ತಿಲ್ಲದ್ದು ಇದು: ದಿನಾ ಬೆಳಗ್ಗೆ ಆ ಕಂಪ್ಯೂಟರಿನ ಮುಂದೆ ಕೂತು, ತಾನು ಕಳಿಸಿದ್ದು ಇನ್ನೂ ದಪ್ಪ ಅಕ್ಷರದಲ್ಲೇ ಇದೆಯೇ ಎಂದು ನೋಡುತ್ತಿದ್ದಳು. ಓದಿದರೆ ಅಕ್ಷರ ತೆಳ್ಳಗಾಗುತ್ತದಂತೆ. ಎಲ್ಲೋ ಒಂದು ಊರಲ್ಲಿ ಅವನು ಒಂದನ್ನಾದರೂ ತೆರೆದರೆ ಇಲ್ಲಿ ತಿಳಿಯುತ್ತದಲ್ಲ ಎಂಬ ಆಸೆ. ನಾವೇ ತಪ್ಪಿ ತೆರೆದುಬಿಟ್ಟೇವೆಂದು ಮೌಸನ್ನು ಯಾರೂ ಮುಟ್ಟಕೂಡದು, ನಾನೂ ಸಹ. ಒಂದೂ ತೆಳ್ಳಗಾಗಲಿಲ್ಲ.

ಗಾಂಧಿಪುರದಿಂದ ಶಕ್ತಿವೇಲ್ ಎನ್ನುವ ರಿಪೇರಿಯವರನ್ನು ಕರೆಸಿದೆ. ಹಳೇ ಡಿಸ್ಕನ್ನು ಎರಡು ಮೂರು ರೀತಿ ಜೋಡಿಸಿ ನೋಡಿ, "ಡಿಸ್ಕ್ ಪೋಚ್ಚು ಸಾರ್, ಉಳ್ಳೆ ಇರುಂದದು ಎದುವುಂ ವರಾದು" ಅಂದರು. ಡಿಸ್ಕ್ ಹೋಯಿತು, ಒಳಗಿದ್ದದ್ದು ಏನೂ ಬರುವುದಿಲ್ಲ ಅಂತ. ಹೊಸ ಡಿಸ್ಕ್ ಹಾಕಿ, ಪೆನ್ ಡ್ರೈವ್ ಚುಚ್ಚಿ ವಿಂಡೋಸ್ ತುಂಬಿಸುವಷ್ಟು ಹೊತ್ತೂ ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಕೊನೆಗೆ ನೀಲಿ ಪರದೆಯೊಂದು ಹೊಸ ಮನೆಯ ಹಾಗೆ ಖಾಲಿಖಾಲಿಯಾಗಿ ತೆರೆದುಕೊಂಡಿತು. "ಅವನ ಮೇಲ್ ತೆಗೀಪ್ಪಾ" ಅಂತ ಅಮ್ಮ ಅವರಿಗೆ ಅಂದಳು. ಅದು ಪಾಸ್‌ವರ್ಡ್ ಕೇಳಿತು. ಅವನ ಹುಟ್ಟಿದ ದಿನ, ನಿನ್ನ ಹೆಸರು, ರಾಯರ ಹೆಸರು, ಎಲ್ಲ ಹಾಕಿ ಆಯಿತು. ಕಡೆಗೆ ಅದು ಅವನ ಫೋನಿಗೇ ಓಟಿಪಿ ಕಳಿಸಿದ್ದೇನೆ ಅಂದಿತು.

ಮೊದಲೆರಡು ವರ್ಷ ಎಷ್ಟು ಸಲ ಮಾಡಿದರೂ ಸ್ವಿಚ್ ಆಫ್ ಆಗಿದ್ದ ನಂಬರು, ಆಮೇಲೆ ನಾನು ಮಾಡುವುದನ್ನೇ ಬಿಟ್ಟಿದ್ದೆ. ಅಮ್ಮ ದೇವರಿಗೆ ದೀಪ ಹಚ್ಚಲು ಹೋದಾಗ ಸುಮ್ಮನೆ ಒತ್ತಿದೆ. ರಿಂಗಾಯಿತು ಶ್ರೀಪ್ರಿಯಾ. ತೆಗೆದದ್ದು ತಿರುಪ್ಪೂರಿನ ಒಬ್ಬ ಹೆಂಗಸು. ಬನಿಯನ್ ಕಂಪನಿಯ ಗದ್ದಲದ ನಡುವೆ, "ಇದು ಎನ್ ನಂಬರುಂಗ, ರೆಂಡು ವರುಷಮಾ" ಅಂದಳು. ಎರಡು ವರ್ಷದಿಂದ ಅದು ಅವಳ ನಂಬರಂತೆ. ಮಗನ ವಿಷಯ ಹೇಳಿ, ಈಗ ಬಂದ ಓಟಿಪಿ ಓದಿ ಹೇಳಮ್ಮಾ ಎಂದು ಬೇಡಿಕೊಂಡೆ. ಮೋಸಗಾರನೆಂದುಕೊಂಡು, ಪೊಲೀಸರಿಗೆ ಹೇಳುತ್ತೇನೆಂದು ಬೈದು ಫೋನ್ ಇಟ್ಟಳು. ಅವಳ ತಪ್ಪೇನಿಲ್ಲ, ಹಾಗೆ ಕೇಳುವವರೆಲ್ಲ ಕಳ್ಳರೇ ಈಗ. ಅವನ ನಂಬರೂ ಅವನದಲ್ಲ ಅನ್ನುವುದನ್ನು ಅಮ್ಮನಿಗೆ ಹೇಳಿಲ್ಲ, ನೀನೂ ಹೇಳಬೇಡ.

ಮಳೆಗಾಲ, ಮಗುವಿಗೆ ಬಿಸಿನೀರೇ ಕೊಡು. ನಿಮ್ಮ ಮೂವರನ್ನೂ ರಾಯರು ಕಾಯಲಿ.

ನಿನ್ನ ಅಪ್ಪ,
ರಂಗನಾಥ

ಮತ್ತೆ: ಲಕೋಟೆ ಅಂಟಿಸುವ ಮೊದಲು ಇದನ್ನೂ ಬರೆದುಬಿಡುತ್ತೇನೆ. ಇವತ್ತು ಆ ಹೆಂಗಸೇ ಫೋನ್ ಮಾಡಿದ್ದಳು. ಮನಸ್ಸು ಕೇಳಲಿಲ್ಲವಂತೆ. ಆ ಓಟಿಪಿ ಇನ್ನೊಂದು ಸಲ ಕಳಿಸಿ ಅಣ್ಣಾ, ಓದಿ ಹೇಳುತ್ತೇನೆ ಅಂದಳು. ಆಗ ಅಮ್ಮ ಅಡುಗೆಮನೆಯಲ್ಲಿ ಪಕ್ಕದ ಮನೆಯ ಜಾನಕಿಯಮ್ಮನಿಗೆ, "ಈಗ ಒಂದಾದ್ರೂ ಓದಿರ್ತಾನೆ, ನಮಗೆ ತೆರಿಯಲೆ, ತಿಳಿಯೋದಿಲ್ಲ ಅಷ್ಟೆ" ಅನ್ನುತ್ತಿದ್ದಳು. ನಾನು ಆ ಹೆಂಗಸಿಗೆ ವೇಂಡಾಮ್ಮಾ, ಬೇಡ ಅಂದೆ.