ಕಲ್ಲಿನ ಮೇಲೆ ಮಲಗಿದ ಬೆಕ್ಕು

ರಾವೂರ
೧೪ ಫೆಬ್ರವರಿ ೧೯೭೧, ರವಿವಾರ

ಗೆಳೆಯ ಗುಲಾಮ ದಸ್ತಗೀರನಿಗೆ ದೇವಿಂದ್ರಪ್ಪನ ಸಲಾಮು.

ನಿನ್ನ ಮೂರು ಪತ್ರ ಬಂದು ಮುಟ್ಟಿವೆ. ಒಂದಕ್ಕೂ ಉತ್ತರ ಬರೆಯಲಿಲ್ಲ, ತಪ್ಪಾಯಿತು. ಮೂರನೆಯದರಲ್ಲಿ ಸಿಟ್ಟಿಗೆದ್ದು ಬರೀ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಕಳಿಸಿದ್ದೀಯಲ್ಲ ಮಾರಾಯ, ಚಿಂಚೋಳಿಗೆ ವರ್ಗವಾಗಿ ಹೋದ ಮೇಲಾದರೂ ಡ್ರಾಯಿಂಗ್ ಮಾಸ್ತರರ ಬುದ್ಧಿ ನೆಟ್ಟಗಾದೀತು ಅಂದುಕೊಂಡಿದ್ದೆ. ಆಗಿಲ್ಲ. ನಜಮುನ್ನೀಸಾ ಭಾಭಿಗೆ ನನ್ನ ನಮಸ್ಕಾರ ಹೇಳು. ನಿಮ್ಮ ಬೆಕ್ಕು ಐದು ಮರಿ ಹಾಕಿದ್ದು ಓದಿ ಸಂತೋಷವಾಯಿತು, ನೀನು ಬರೆದ ಚಿತ್ರವೂ ಚೆನ್ನಾಗಿದೆ. ನಾನು ಮಾತ್ರ ಈ ಸಲ ಚಿತ್ರ ಕಳಿಸುತ್ತಿಲ್ಲ. ಸುದ್ದಿ ಇದೆ, ಒಳ್ಳೆಯದಲ್ಲ.

ಅಂಬರಾಯ ಸತ್ತ. ಇವತ್ತಿಗೆ ಹದಿನೇಳು ದಿನ.

ನೀನು ಅವನನ್ನು ಮರೆತಿರಲಾರೆ. ನಮ್ಮ ಕಲ್ಲಿನ ಖಣಿಯಲ್ಲಿ ಮದ್ದು ತುಂಬಲು ಹಾರೆಯಿಂದ ಕಲ್ಲಿಗೆ ತೂತು ಹೊಡೆಯುವವ. ನಾವಿಬ್ಬರೂ ರವಿವಾರ ಸೈಕಲ್ ಹತ್ತಿ ದಂಡೋತಿಯ ಹೊಳೆಗೆ ಚಿತ್ರ ಬರೆಯಲು ಹೊರಟರೆ, ಕರೆಯದಿದ್ದರೂ ನನ್ನ ಹಿಂದೆ ಕ್ಯಾರಿಯರ್ ಮೇಲೆ ಕೂತು ಬರುತ್ತಿದ್ದವ. ದಂಡೆಯಲ್ಲೆಲ್ಲ ಅಲೆದು ತುಕ್ಕು ಹಿಡಿದ ಕೀಲಿ, ಹಾವಿನ ಪೊರೆ, ಒಡೆದ ಚಿಲುಮೆ ಏನಾದರೊಂದು ಆರಿಸಿ ತಂದು ರುಮಾಲಿನ ಗಂಟು ಬಿಚ್ಚಿ ನಮ್ಮ ಮುಂದಿಡುತ್ತಿದ್ದ. "ಮಾಸ್ತರ್ ಸಾಬ್, ಇದ್ರದು ತೆಗೀರಿ. ಇದ್ರ ಚಿತ್ರ ಯಾರೂ ತೆಗದಿರಂಗಿಲ್ಲ" ಎಂದು ನಿನಗೆ ದುಂಬಾಲು ಬೀಳುತ್ತಿದ್ದ. ಬರೆದು ಮುಗಿದ ಚಿತ್ರ ಅವನಿಗೆ ಬೇಕಿರಲಿಲ್ಲ. ಬರೆಯುವಾಗ ಪಕ್ಕದಲ್ಲಿ ಕೂತು ನೋಡಬೇಕು, ಅಷ್ಟೇ.

ಅವನು ಸತ್ತ ದಿನದ ಹಿಂದಿನ ಸಂಜೆ ಮದ್ದು ಹಾರಿಸಿದಾಗ ಒಂದು ತೂತು ಸಿಡಿಯದೆ ಉಳಿದಿತ್ತು. ಇವನು ಅದರ ಮಗ್ಗುಲಲ್ಲೇ ಹಾರೆ ಹಾಕಿದ. ಮುಂದಿನದನ್ನು ಬರೆಯುವುದಿಲ್ಲ. ಗೋಣಿಚೀಲದಲ್ಲಿ ಮನೆಗೆ ತಂದೆವು.

ಸಿಡಿಯದೆ ಉಳಿದ ತೂತಿನ ಸುತ್ತ ಕೆಂಪು ಬಣ್ಣ ಬಳಿಯುವುದು ನನ್ನ ಕೆಲಸ, ನಿನಗೆ ಗೊತ್ತೇ ಇದೆ. ಕೆಂಪು ಕಂಡಲ್ಲಿ ಯಾರೂ ಹಾರೆ ಇಡುವುದಿಲ್ಲ. ಮರುದಿನ ಮ್ಯಾನೇಜರರು ಕರೆಸಿ ಒಂದು ಕಾಗದ ಮುಂದಿಟ್ಟರು. ಬಣ್ಣ ಬಳಿದಿತ್ತು, ಅಂಬರಾಯ ಕುಡಿದು ಬಂದಿದ್ದ, ನಶೆಯಲ್ಲಿ ಬಣ್ಣ ನೋಡದೆ ಹಾರೆ ಹಾಕಿದ ಎಂದು ಅದರಲ್ಲಿ ಬರೆದಿತ್ತು. "ಸಹಿ ಮಾಡು ದೇವಿಂದ್ರಪ್ಪ. ಸತ್ತಾಂವ ಎದ್ದು ಬಂದು ಅಲ್ಲ ಅನ್ನಂಗಿಲ್ಲ. ನಿಂದೂ ನೌಕರಿ ಉಳೀತದ" ಅಂದರು. ಮಾಡಿದೆ. ಪೆನ್ನಿನ ಟೋಪಿ ಹಾಕಿ ಅವರ ಕೈಗೇ ಕೊಟ್ಟೆ ದಸ್ತಗೀರ. ಅದನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಬೀಡಿ ಸಹ ಸೇದದವನು ಈಗ ಊರ ತುಂಬ ಕುಡುಕ. ಅವನ ಮಗಳು ತುಳಜಾಬಾಯಿಗೆ ಕಾಳಗಿಯಲ್ಲಿ ಸಂಬಂಧ ಗೊತ್ತಾಗಿತ್ತು. ಕುಡಿದು ಸತ್ತವನ ಮನೆಯ ಹೆಣ್ಣು ಬೇಡ ಎಂದು ಗಂಡಿನವರು ಹೇಳಿ ಕಳಿಸಿದರು.

ಮೊನ್ನೆ ಅವನ ಹೆಂಡತಿ ಅಮೃತಮ್ಮ ಬಂದು ನಮ್ಮ ಬಾಗಿಲಲ್ಲಿ ಕೂತಳು. ಒಳಗೆ ಬಾ ಅಂದರೂ ಬರಲಿಲ್ಲ. "ಅಣ್ಣಾ, ಅವತ್ತ ನೀವು ಅಲ್ಲೇ ಇದ್ರಿ. ಬುಧವಾರ ಸರ್ಕಾರದ ದೊಡ್ಡ ಸಾಹೇಬ್ರು ವಿಚಾರಣಾ ಮಾಡ್ಲಿಕ್ಕ ಬರ್ಲಿಕತ್ತಾರಂತ, ಎಲ್ಲಾರಿಗೂ ಕೇಳ್ತಾರಂತ. ನನಗ ಬ್ಯಾರೆ ಏನೂ ಬ್ಯಾಡ್ರಿ. ಅಂವ ಕುಡದಿರಲಿಲ್ಲ ಅಂತ ಒಂದು ಮಾತು ನೀವರೆ ಹೇಳ್ರಿ" ಎಂದಳು. ಹೇಳುತ್ತೇನೆ ಅಂದೆ. ಕಾಲು ಮುಟ್ಟಲು ಬಗ್ಗಿದಳು. ನಾನು ಗೋಡೆಗೆ ತಾಗುವಷ್ಟು ಹಿಂದೆ ಸರಿದೆ.

ಹೇಳಿಯೇ ತೀರುತ್ತೇನೆ. ನೌಕರಿ ಹೋಗುತ್ತದೆ, ಹೋಗಲಿ. ಸುಳ್ಳು ಕಾಗದಕ್ಕೆ ಸಹಿ ಮಾಡಿದ್ದಕ್ಕೆ ಶಿಕ್ಷೆಯಾದರೆ ಅದೂ ಆಗಲಿ. ಆದರೆ ಕುಡಿದಿರಲಿಲ್ಲ ಅಂದ ಕೂಡಲೇ ಸಾಹೇಬರು ಎರಡನೆಯ ಪ್ರಶ್ನೆ ಕೇಳದೆ ಬಿಡುವುದಿಲ್ಲ. ಹಾಗಾದರೆ ಕಣ್ಣೆದುರಿನ ಕೆಂಪು ಬಣ್ಣ ಅವನಿಗೇಕೆ ಕಾಣಲಿಲ್ಲ ಎಂದು. ಅದಕ್ಕೆ ಬಾಯಿ ಹೇಗೆ ತೆರೆಯಲಿ ಎಂದೇ ಮೊನ್ನೆಯಿಂದ ಅನ್ನ ಸೇರುತ್ತಿಲ್ಲ.

ಮರಿಗಳು ನಾಯಿಯ ಬಾಯಿಗೆ ಸಿಗದಂತೆ ನೋಡಿಕೊಳ್ಳಿ. ದೇವರು ನಿನ್ನನ್ನೂ ಭಾಭಿಯನ್ನೂ ತಣ್ಣಗಿಟ್ಟಿರಲಿ.

ನಿನ್ನವ,
ದೇವಿಂದ್ರಪ್ಪ

ತಾ. ಕ.: ಲಕೋಟೆ ಅಂಟಿಸಿದ್ದವನು ಮತ್ತೆ ಬಿಚ್ಚಿದೆ. ಬಣ್ಣ ಬಳಿದಿರಲಿಲ್ಲ. ಅವತ್ತು ಮುಂಜಾನೆ ಬಣ್ಣದ ಡಬ್ಬಿ ಹಿಡಿದುಕೊಂಡೇ ಹೋಗಿದ್ದೆ. ಆ ತೂತಿದ್ದ ಕಲ್ಲಿನ ಮೇಲೆಯೇ ಖಣಿಯ ಬೂದು ಬೆಕ್ಕು ಬಿಸಿಲು ಕಾಯುತ್ತ, ಮರಿಗಳಿಗೆ ಮೊಲೆಯೂಡಿಸುತ್ತ ಮಲಗಿತ್ತು. ಬಣ್ಣ ಬಳಿಯಲು ಹೋದರೆ ಎದ್ದು ಹೋಗುತ್ತದೆ, ಮೊದಲು ಚಿತ್ರ ಬರೆದುಕೊಳ್ಳೋಣ ಎಂದು ಡಬ್ಬಿ ಕೆಳಗಿಟ್ಟು ಕೂತೆ. ಅಂಬರಾಯ ಬಂದ. ಬೆಕ್ಕು ಹೆದರೀತು ಎಂದು ದೂರದಲ್ಲೇ ಕುಕ್ಕರಗಾಲಲ್ಲಿ ಕೂತು ಅರ್ಧ ತಾಸು ಕಾದ. ಕೊನೆಗೆ ಬೆಕ್ಕು ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಹೋಯಿತು. ಬಾಲದ ನೆರಳು ತುಂಬುವುದು ಬಾಕಿ ಇತ್ತು. ಬಿಸಿಲು ಕಣ್ಣಿಗೆ ಹೊಡೆಯುತ್ತಿದ್ದರಿಂದ ಚಿತ್ರ ನೋಡುತ್ತಲೇ ಎದ್ದು ಬೇವಿನ ಗಿಡದ ಕಡೆ ನಡೆದೆ. "ದೇವಿಂದ್ರಪ್ಪಣ್ಣಾ, ಇಲ್ಲಿ ಸುರು ಮಾಡ್ಲೇನ್ರಿ?" ಎಂದು ಹಿಂದಿನಿಂದ ಕೇಳಿದ. ನಾನು ತಲೆ ಎತ್ತದೆ "ಹೂಂ" ಅಂದೆ.

ನನ್ನನ್ನು ಕೇಳಿಯೇ ಹಾರೆ ಎತ್ತಿದ ದಸ್ತಗೀರ. ಬುಧವಾರ ಇದನ್ನು ಅಮೃತಮ್ಮನ ಮುಂದೆ ಹೇಳಬೇಕು.